ಸಾಲಿನಲ್ಲಿ ಕಾಯುತ್ತಾ ಕಳೆದುಹೋಗುವ ಮಗು

(ಪ್ರಾಥಮಿಕ ಶಾಲಾ ಶಿಕ್ಷಕರ ಸಮಾಲೋಚನಾ ಸಭೆಯೊಂದರಲ್ಲಿ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಮೊಟಕು ಮಾಡಿದ್ದೇನೆ, ಧಾಟಿಯನ್ನು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಗಮನದ ಬಗ್ಗೆ ಮಾತಾಡಿ ಅಂತ ಕರೆದು, ಯಾರಿಗೂ ಗಮನ ನಿಲ್ಲದ ಬಿಸಿಯೂಟದ ನಂತರದ ಹೊತ್ತನ್ನು ನನಗೆ ಕೊಟ್ಟ ಸಿ.ಆರ್.ಪಿ. (ಸುತ್ತಲ ಶಾಲೆಗಳನ್ನು ನೋಡಿಕೊಳ್ಳುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಅವರ ಹಾಸ್ಯಪ್ರಜ್ಞೆಗೆ ಮೊದಲು ಶರಣು. ಹಿಂದಿನ ಸಾಲಿನಲ್ಲಿ ಒಬ್ಬರು ಮೇಷ್ಟ್ರು ಆಗಲೇ ಮೊಬೈಲ್ ತೆಗೆದಿದ್ದಾರೆ. ಇರಲಿ ಸರ್, ನೋಡ್ಕೊಳ್ಳಿ. ನಿಮ್ಮನ್ನು ಎದ್ದು ನಿಲ್ಲಿಸಲ್ಲ. ಅದೇ ನಿಮ್ಮ ಶಾಲೆಯ ನಾಲ್ಕನೇ ಕ್ಲಾಸಿನ ಹುಡುಗ ಕಿಟಕಿ ಕಡೆ ನೋಡಿದ್ದರೆ ಇಷ್ಟು ಹೊತ್ತಿಗೆ ಎದ್ದು ನಿಂತಿರುತ್ತಿದ್ದ.

ನಾನು ಮಾತಾಡಲು ಬಂದಿರುವುದು ಅಂಥ ಒಬ್ಬ ಹುಡುಗನ ಬಗ್ಗೆ. ಹೆಸರು ಬೇಡ. ಈಗ ಅವನಿಗೆ ಮದುವೆಯಾಗಿದೆ, ಅರಸೀಕೆರೆ ಕಡೆ ತೆಂಗಿನಕಾಯಿ ವ್ಯಾಪಾರ ಮಾಡುತ್ತಾನೆ, ಸಿಕ್ಕಾಗ "ಮಿಸ್" ಅಂತ ರಸ್ತೆಯ ಆ ಬದಿಯಿಂದಲೇ ಕೂಗುತ್ತಾನೆ. ನಾಲ್ಕನೇ ತರಗತಿಗೆ ನನ್ನ ಕೈಗೆ ಬಂದಾಗ ಅವನ ಹಿಂದಿನ ವರ್ಷದ ದಾಖಲೆಯಲ್ಲಿ ದೂರು ಅನ್ನುವಂಥದ್ದು ಏನೂ ಇರಲಿಲ್ಲ. ಮೊದಲ ಮೂರು ತರಗತಿಯ ಮಕ್ಕಳು ಕಾರ್ಡು ಹಿಡಿದು ಒಂದೊಂದೇ ಮೆಟ್ಟಿಲು ಹತ್ತುತ್ತಾ ಕಲಿಯುವ ನಲಿ-ಕಲಿಯ ಏಣಿಯಲ್ಲಿ ಮಿಕ್ಕವರ ಜೊತೆಗೇ ಹತ್ತಿದ್ದ, ಒಂದೆರಡು ಮೈಲಿಗಲ್ಲು ಹಿಂದೆ ಅಷ್ಟೆ. ಜೂನ್ ಕಳೆದು ಜುಲೈ ಬರುವಷ್ಟರಲ್ಲಿ ಅವನ ಮೇಲೆ ದಿನಕ್ಕೆ ಹತ್ತು ದೂರು. ಪಕ್ಕದವನ ಪೆನ್ಸಿಲ್ ಕಿತ್ತುಕೊಂಡ. ಲೆಕ್ಕ ಅರ್ಧ ಬಿಟ್ಟ. ಬೋರ್ಡಿನ ಮೇಲೆ ಬರೆದದ್ದರಲ್ಲಿ ಮೂರು ಸಾಲು ಬರೆದು ನಾಲ್ಕನೆಯದರಲ್ಲಿ ಎತ್ತಿನ ಗಾಡಿ ಬಿಡಿಸಿದ. ನೀರು ಕುಡಿಯಲು ಹೋದವನು ವಾಪಸ್ ಬರಲೇ ಇಲ್ಲ. ಅವನ ತಾಯಿ ಬಂದು, "ಕಾಲಿಗೆ ಚಕ್ರ ಕಟ್ಕೊಂಡೇ ಹುಟ್ಟಿದಾನೆ ಮಿಸ್, ಎರಡು ಬಿಗಿರಿ" ಅಂದರು.

ನಾನು ಬಿಗಿಯಲಿಲ್ಲ. ಹಾಗಂತ ಹೆಮ್ಮೆ ಪಡುವಂಥದ್ದೂ ಏನೂ ಮಾಡಲಿಲ್ಲ. ಬಾಗಿಲ ಪಕ್ಕ, ಗೋಡೆಗೆ ಮುಖ ಮಾಡಿ ಒಂಟಿ ಕುರ್ಚಿ ಹಾಕಿ ಕೂರಿಸಿದೆ. ಸುಮಾರು ಎರಡು ತಿಂಗಳು. ಕ್ಲಾಸು ಶಾಂತವಾಯಿತು. ಅವನು ಶಾಂತವಾದನೇ ಅಂತ ನಾನು ನೋಡಲಿಲ್ಲ, ಯಾಕೆಂದರೆ ಅವನು ನನ್ನ ಕಣ್ಣಿಗೇ ಬೀಳುತ್ತಿರಲಿಲ್ಲ.

ತಿರುವು ಸಿಕ್ಕಿದ್ದು ಆಕಸ್ಮಿಕವಾಗಿ. ಒಂದು ದಿನ ಗಂಟಲು ಕಟ್ಟಿ ಮಾತು ಹೊರಡುತ್ತಿರಲಿಲ್ಲ. ಪಕ್ಕದ ಕ್ಲಾಸಿನ ಮೇಡಂ ನನ್ನ ಕ್ಲಾಸು ತೆಗೆದುಕೊಂಡರು. ನಾನು ಹಿಂದೆ ಕೂತು ವಾಚು ನೋಡುತ್ತಾ ಅವನೊಬ್ಬನನ್ನೇ ಗಮನಿಸಿದೆ. 40 ನಿಮಿಷದ ಅವಧಿ. ಹಾಜರಿ ಕೂಗುವಾಗ ಕಾಯಬೇಕು. ಪುಸ್ತಕ ಎಲ್ಲರೂ ತೆಗೆಯುವ ತನಕ ಕಾಯಬೇಕು. ಬೋರ್ಡಿನ ಮೇಲೆ ಬರೆಯುವ ತನಕ ಮೇಡಂ ಬೆನ್ನು ನೋಡುತ್ತಾ ಕಾಯಬೇಕು. ಲೆಕ್ಕ ಮುಗಿಸಿದವರು ಪುಸ್ತಕ ಹಿಡಿದು ಮೇಜಿನ ಮುಂದೆ ಸಾಲು ನಿಂತು, ರೈಟ್ ಹಾಕಿಸಿಕೊಳ್ಳಲು ಕಾಯಬೇಕು. ಕೂಡಿಸಿ ನೋಡಿದರೆ ಅರ್ಧಕ್ಕಿಂತ ಹೆಚ್ಚು ಹೊತ್ತು ಆ ಮಗು ಏನನ್ನೂ ಕಲಿಯುತ್ತಿರಲಿಲ್ಲ, ಏನನ್ನೂ ಮಾಡುತ್ತಿರಲಿಲ್ಲ, ಬರೀ ಕಾಯುತ್ತಿತ್ತು. ಅವನ ಚೇಷ್ಟೆಗಳೆಲ್ಲ, ಒಂದೂ ಬಿಡದಂತೆ, ಆ ಕಾಯುವ ಹೊತ್ತಿನಲ್ಲೇ ನಡೆದವು. ಕೆಲಸ ಕೈಯಲ್ಲಿದ್ದಾಗ ಅವನು ಕಾಲು ಕುಣಿಸುತ್ತಿದ್ದ ನಿಜ, ಆದರೆ ಕೆಲಸ ಮಾಡುತ್ತಿದ್ದ.

ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ: ಇಂಥ ಮಗುವಿನ ಗಮನ ಪಾಠದಲ್ಲಿ ಕಳೆದುಹೋಗುವುದಕ್ಕಿಂತ ಹೆಚ್ಚಾಗಿ ಪಾಠಪಾಠಗಳ ನಡುವಿನ ಸಂದಿಯಲ್ಲಿ ಕಳೆದುಹೋಗುತ್ತದೆ. ಆ ಸಂದಿಗಳನ್ನು ಮಾಡಿಟ್ಟವರು ನಾವು.

ಈಗ ಸ್ವಲ್ಪ ವೈದ್ಯರ ಭಾಷೆ. ಎಡಿಎಚ್‌ಡಿ ಅನ್ನುವ ಹೆಸರು ನೀವೆಲ್ಲ ಕೇಳಿದ್ದೀರಿ. ಗಮನದ ಕೊರತೆ, ಅತಿಚಟುವಟಿಕೆ. ಹೆಸರು 1987ರದ್ದು, ಆದರೆ ಇಂಥ ಮಕ್ಕಳನ್ನು ವೈದ್ಯರು ಗುರುತಿಸಿ ಬರೆದದ್ದು ಬಹಳ ಹಿಂದೆ. 1902ರಲ್ಲಿ ಲಂಡನ್ನಿನ ಜಾರ್ಜ್ ಸ್ಟಿಲ್ ಎಂಬ ಮಕ್ಕಳ ವೈದ್ಯ ಇಂಥವರ ಬಗ್ಗೆ ಉಪನ್ಯಾಸಗಳನ್ನೇ ಕೊಟ್ಟಿದ್ದ. ಆದ್ದರಿಂದ "ಇದೆಲ್ಲ ಮೊಬೈಲ್ ಬಂದ ಮೇಲೆ ಶುರುವಾದದ್ದು" ಅನ್ನುವ ಮಾತನ್ನು ದಯವಿಟ್ಟು ಇಲ್ಲಿಗೇ ಬಿಡೋಣ. ಮೊಬೈಲ್ ನಿದ್ದೆ ಕೆಡಿಸುತ್ತದೆ, ನಿದ್ದೆಗೆಟ್ಟ ಮಗುವಿಗೆ ಗಮನ ನಿಲ್ಲುವುದಿಲ್ಲ, ಅದು ಬೇರೆ ಮಾತು. ಎಡಿಎಚ್‌ಡಿ ಬಹುಪಾಲು ಹುಟ್ಟಿನಿಂದ, ವಂಶದಿಂದ ಬರುವಂಥದ್ದು. "ಇವರಪ್ಪನೂ ಹಿಂಗೇ ಇದ್ದ ಮಿಸ್" ಅಂತ ಅಜ್ಜಿ ಹೇಳಿದರೆ ನಗಬೇಡಿ. ಅಜ್ಜಿ ಸರಿಯಾದ ಮಾಹಿತಿಯನ್ನೇ ಕೊಡುತ್ತಿದ್ದಾಳೆ.

ಸುಮಾರು ನೂರಕ್ಕೆ ಐದು ಮಕ್ಕಳಲ್ಲಿ ಇದು ಇರುತ್ತದೆ ಎಂಬುದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ನೋಡಿದವರ ಅಂದಾಜು. ಅಂದರೆ 30 ಮಕ್ಕಳ ಕ್ಲಾಸಿನಲ್ಲಿ ಒಬ್ಬರೋ ಇಬ್ಬರೋ. 2007ರಲ್ಲಿ ಅಮೆರಿಕದ ಫಿಲಿಪ್ ಶಾ ಎಂಬ ವಿಜ್ಞಾನಿಯ ತಂಡ 223 ಇಂಥ ಮಕ್ಕಳ ಮಿದುಳಿನ ಚಿತ್ರಗಳನ್ನು ಅಷ್ಟೇ ಸಂಖ್ಯೆಯ ಬೇರೆ ಮಕ್ಕಳ ಚಿತ್ರಗಳ ಜೊತೆ ಹೋಲಿಸಿತು. ಮಿದುಳಿನ ಹೊರಪದರ ಬಲಿಯುವುದರಲ್ಲಿ ಒಂದು ಘಟ್ಟವನ್ನು ಬೇರೆ ಮಕ್ಕಳು ಸುಮಾರು ಏಳೂವರೆ ವರ್ಷಕ್ಕೆ ಮುಟ್ಟಿದರೆ, ಇವರು ಮುಟ್ಟಿದ್ದು ಹತ್ತೂವರೆಗೆ. ಕ್ರಮ ಅದೇ, ದಾರಿ ಅದೇ, ಬಸ್ಸು ಮಾತ್ರ ಮೂರು ವರ್ಷ ತಡ. ಹಣೆಯ ಹಿಂದಿನ ಭಾಗದಲ್ಲಿ, ಅಂದರೆ "ತಡಿ, ಆಮೇಲೆ" ಅಂತ ನಮಗೆ ನಾವೇ ಹೇಳಿಕೊಳ್ಳುವ ಭಾಗದಲ್ಲಿ, ಈ ತಡ ಎದ್ದು ಕಾಣುತ್ತಿತ್ತು. ನಾಲ್ಕನೇ ಕ್ಲಾಸಿನ ಹುಡುಗನಿಂದ ನೀವು ನಾಲ್ಕನೇ ಕ್ಲಾಸಿನ ತಾಳ್ಮೆ ಕೇಳುತ್ತಿದ್ದೀರಿ, ಅವನ ಹತ್ತಿರ ಇರುವುದು ಒಂದನೇ ಕ್ಲಾಸಿನದು. ಬುದ್ಧಿಯ ಮಾತಲ್ಲ ಇದು, ಬುದ್ಧಿ ಅವನ ವಯಸ್ಸಿನದೇ.

ಬ್ರಿಟನ್ನಿನ ಎಡ್ಮಂಡ್ ಸೋನುಗ-ಬಾರ್ಕ್ ಎಂಬ ಮನೋವಿಜ್ಞಾನಿ ಈ ಮಕ್ಕಳಿಗೆ ಕಾಯುವುದೇ ಒಂದು ಸಂಕಟ ಅಂತ ವರ್ಷಾನುಗಟ್ಟಲೆ ವಾದಿಸಿದ್ದಾರೆ. ಈಗ ಒಂದು ಚಾಕೊಲೇಟ್ ಬೇಕೋ, ಶನಿವಾರ ಐದು ಬೇಕೋ ಅಂದರೆ ಈಗಿನ ಒಂದನ್ನೇ ಕಿತ್ತುಕೊಳ್ಳುತ್ತಾರೆ. ಅವರಿಗೆ ಶನಿವಾರ ತುಂಬಾ ದೂರ. ಇದನ್ನು ಓದಿದಾಗ ನನ್ನ ಮೇಜಿನ ಮುಂದಿನ ಆ ಸಾಲು ಕಣ್ಣಿಗೆ ಬಂತು.

ಒಂದು ಎಚ್ಚರಿಕೆ. ಈ ಹೆಸರನ್ನು ಮಗುವಿಗೆ ಇಡುವ ಅಧಿಕಾರ ನಮ್ಮದಲ್ಲ. ವೈದ್ಯರು ಕೂಡ ಆರು ತಿಂಗಳಿಗಿಂತ ಹೆಚ್ಚು ಕಾಲ ಲಕ್ಷಣಗಳಿವೆಯೇ, 12 ವರ್ಷಕ್ಕೆ ಮೊದಲೇ ಶುರುವಾದವೇ, ಶಾಲೆಯಲ್ಲೂ ಮನೆಯಲ್ಲೂ ಎರಡೂ ಕಡೆ ಇವೆಯೇ ಅಂತ ನೋಡಿಯೇ ಹೇಳುತ್ತಾರೆ. ನಿಮ್ಮ ಕ್ಲಾಸಿನಲ್ಲಿ ಮಾತ್ರ ಚೇಷ್ಟೆ ಮಾಡಿ ಮಿಕ್ಕೆಲ್ಲ ಕಡೆ ಸರಿಯಿದ್ದರೆ, ಕ್ಷಮಿಸಿ, ಹುಡುಕಬೇಕಾದದ್ದು ಕ್ಲಾಸಿನಲ್ಲಿ. ಅದಕ್ಕೂ ಮೊದಲು ಕಿವಿ, ಕಣ್ಣು, ರಕ್ತ ನೋಡಿಸಿ. ಕಿವಿ ಸೋರುವ ಮಗುವಿಗೆ ನಮ್ಮ ಮಾತು ಅರ್ಧ ಕೇಳುತ್ತದೆ, ಅದನ್ನು ನಾವು ಗಮನ ಇಲ್ಲ ಅಂತ ಬರೆಯುತ್ತೇವೆ. ಬೋರ್ಡು ಮಸುಕಾಗಿ ಕಂಡರೂ ಅದೇ ಕಥೆ, ರಕ್ತಹೀನತೆಯಾದರೂ ಅದೇ. ಇನ್ನೊಂದು ಬಹಳ ಜನಕ್ಕೆ ತಿಳಿಯದ್ದು: ಮಾತಿನ ಮಧ್ಯೆ ಹತ್ತು ಸೆಕೆಂಡು ಮಗು ಶೂನ್ಯ ನೋಡುತ್ತಾ ನಿಂತುಬಿಡುತ್ತದೆ, ಕರೆದರೂ ಮುಟ್ಟಿದರೂ ಅಲುಗುವುದಿಲ್ಲ, ಆಮೇಲೆ ಏನೂ ಆಗದ ಹಾಗೆ ಬರವಣಿಗೆ ಮುಂದುವರಿಸುತ್ತದೆ. ಅದು ಕನಸು ಕಾಣುವುದಲ್ಲ, ಮೂರ್ಛೆರೋಗದ ಒಂದು ಬಗೆ ಇರಬಹುದು. ಔಷಧಿಯಿಂದ ಹತೋಟಿಗೆ ಬರುತ್ತದೆ. ಹಗಲುಗನಸಿನ ಮಗುವನ್ನು ಮುಟ್ಟಿ ಕರೆದರೆ ಎಚ್ಚರಾಗುತ್ತದೆ, ಇದರಲ್ಲಿ ಆಗುವುದಿಲ್ಲ. ಅಷ್ಟು ವ್ಯತ್ಯಾಸ ನೆನಪಿಟ್ಟುಕೊಂಡರೆ ಸಾಕು.

ವರ್ಷಕ್ಕೊಮ್ಮೆ ಶಾಲೆಗೆ ಮಕ್ಕಳ ಆರೋಗ್ಯ ತಪಾಸಣೆಗೆ ಸರ್ಕಾರದ ಆರ್‌ಬಿಎಸ್‌ಕೆ ತಂಡ ಬರುತ್ತದಲ್ಲ, ತೂಕ, ಎತ್ತರ ನೋಡಿ, ಹಲ್ಲು ನೋಡಿ ಹೋಗುತ್ತಾರೆ. ಅವರು ನೋಡಬೇಕಾದ ಪಟ್ಟಿಯಲ್ಲಿ ಎಡಿಎಚ್‌ಡಿಯೂ ಇದೆ. ಒಂದು ದಿನ ಬಂದವರಿಗೆ ಅದು ಕಾಣುವುದು ಹೇಗೆ? ಅವರು ಬರುವ ಮುಂಚೆಯೇ ಎರಡು ಹೆಸರು ಬರೆದಿಟ್ಟುಕೊಂಡು, "ಡಾಕ್ಟ್ರೇ, ಈ ಮಗುವನ್ನು ಸ್ವಲ್ಪ ನೋಡಿ, ನಾನು ಕಂಡದ್ದು ಇಷ್ಟು" ಅಂತ ಚೀಟಿ ಕೊಡಬೇಕಾದವರು ನಾವು.

ಮತ್ತೆ ನನ್ನ ಹುಡುಗನಿಗೆ ಬರುತ್ತೇನೆ. ಮೂರನೆಯ ತರಗತಿಯವರೆಗೆ ಸರಿಯಿದ್ದವನು ನಾಲ್ಕಕ್ಕೆ ಬಂದ ತಕ್ಷಣ ಕೆಟ್ಟದ್ದು ಯಾಕೆ? ಉತ್ತರ ನಮ್ಮ ಶಾಲೆಯ ಒಳಗೇ ಇತ್ತು. ನಲಿ-ಕಲಿ ಶುರುವಾದದ್ದು 1995ರಲ್ಲಿ, ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಅಲ್ಲಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಶಾಲೆಗಳಿಗೆ ಹೋಗಿ ನೋಡಿ ಬಂದು, ಯೂನಿಸೆಫ್ ನೆರವಿನಲ್ಲಿ ತಾವೇ ಕಾರ್ಡು ಬರೆದು ಕಟ್ಟಿದ ಪದ್ಧತಿ. 2009-10ರ ಹೊತ್ತಿಗೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಗಮನದ ತೊಂದರೆಯ ಮಕ್ಕಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಅವರು ಅದನ್ನು ಮಾಡಿದ್ದಲ್ಲ. ಆದರೆ ನೋಡಿ: ಮಗು ತಾನೇ ಎದ್ದು ಹೋಗಿ ತಟ್ಟೆಯಿಂದ ಕಾರ್ಡು ತರುತ್ತದೆ, ಅಂದರೆ ಓಡಾಟಕ್ಕೆ ಅನುಮತಿಯೇ ಬೇಡ. ಒಂದು ಕಾರ್ಡಿಗೆ ಒಂದೇ ಕೆಲಸ, ಅದೂ ಚಿಕ್ಕದು. ಮುಗಿದ ತಕ್ಷಣ ಮುಂದಿನ ಮೆಟ್ಟಿಲು, ಯಾರಿಗೂ ಕಾಯಬೇಕಿಲ್ಲ. ನೆಲದ ಮೇಲೆ ಗುಂಪು, ಪಕ್ಕದವನ ಜೊತೆ ಮಾತಾಡಿದರೆ ತಪ್ಪಲ್ಲ. ಮೂರು ವರ್ಷ ಆ ಮಗು ಇಂಥ ಕೋಣೆಯಲ್ಲಿ ಬೆಳೆಯಿತು. ಬೇಸಿಗೆ ರಜೆ ಮುಗಿಸಿ ಬಂದರೆ ಬೆಂಚು, ಬೋರ್ಡು, "ಕೈ ಕಟ್ಟು, ಬಾಯಿ ಮುಚ್ಚು." ಕಾಯಿಲೆ ಬೇಸಿಗೆ ರಜೆಯಲ್ಲಿ ಬಂದದ್ದಲ್ಲ. ಮೂರು ವರ್ಷ ಕೋಣೆ ಅವನ ಭಾರ ಹೊತ್ತಿತ್ತು, ನಾಲ್ಕನೇ ವರ್ಷ ಇಳಿಸಿಬಿಟ್ಟಿತು.

ನಲಿ-ಕಲಿಯನ್ನು ಹೊಗಳುವಾಗ ಒಂದು ಮಾತು ಸೇರಿಸಬೇಕು. ಕಲಿಕಾ ಚಪ್ಪರ ನಮಗೆಲ್ಲ ಪ್ರೀತಿ. ತಲೆಯ ಮೇಲೆ ತೋರಣದ ಹಾಗೆ ತೂಗುವ ಚಿತ್ರ, ಅಕ್ಷರ, ಮಕ್ಕಳ ಕೆಲಸ. ಆದರೆ 2014ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಆ್ಯನಾ ಫಿಶರ್ ಮತ್ತು ಜೊತೆಯವರು 24 ಪುಟ್ಟ ಮಕ್ಕಳಿಗೆ ಗೋಡೆ ತುಂಬ ಅಲಂಕಾರವಿದ್ದ ಕೋಣೆಯಲ್ಲಿ ಕೆಲವು ಪಾಠ, ಬರಿಗೋಡೆಯ ಕೋಣೆಯಲ್ಲಿ ಕೆಲವು ಪಾಠ ಮಾಡಿ ನೋಡಿದರು. ಬರಿಗೋಡೆಯಲ್ಲಿ ಕಲಿತದ್ದಕ್ಕೆ ಪರೀಕ್ಷೆಯಲ್ಲಿ ನೂರಕ್ಕೆ 55 ಸರಿ, ಅಲಂಕಾರದ ಕೋಣೆಯದಕ್ಕೆ 42. ಸಣ್ಣ ಅಧ್ಯಯನ, ಅದಕ್ಕಾಗಿ ಚಪ್ಪರ ಕಿತ್ತುಹಾಕಿ ಅನ್ನುವುದಿಲ್ಲ. ಬೋರ್ಡಿನ ಸುತ್ತಲಿನ ಗೋಡೆಯನ್ನು ಮಾತ್ರ ಖಾಲಿ ಬಿಡಿ. ಗಾಂಧೀಜಿ, ರಾಷ್ಟ್ರಕವಿ, ನೀರಿನ ಚಕ್ರ, ಮತದಾರರ ಪ್ರತಿಜ್ಞೆ, ಎಲ್ಲ ಹಿಂದಿನ ಗೋಡೆಗೆ ಹೋಗಲಿ. ತಪಾಸಣೆಗೆ ಬಂದವರು ಕೇಳಿದರೆ ನನ್ನ ಹೆಸರು ಹೇಳಿ.

ಹಾಗಾದರೆ ನಾನೇನು ಮಾಡಿದೆ? ಮೊದಲು ಆ ಸಾಲು ತೆಗೆದೆ. ಮೇಜಿನ ಹತ್ತಿರ ಪುಸ್ತಕ ತರುವಂತಿಲ್ಲ, ನಾನೇ ಕೆಂಪು ಪೆನ್ನು ಹಿಡಿದು ಬೆಂಚುಗಳ ನಡುವೆ ಓಡಾಡುತ್ತೇನೆ. ಅವನ ಹತ್ತಿರ ಎರಡು ಲೆಕ್ಕಕ್ಕೊಮ್ಮೆ, ಮಿಕ್ಕವರ ಹತ್ತಿರ ಐದಕ್ಕೊಮ್ಮೆ. ಹತ್ತು ಲೆಕ್ಕದ ಹಾಳೆಯನ್ನು ಅವನಿಗೆ ಎರಡಾಗಿ ಹರಿದು ಕೊಟ್ಟೆ. ಐದು ಮುಗಿಸಿ ಎದ್ದು ಬಂದು ಮಿಕ್ಕ ಐದು ತೆಗೆದುಕೊಂಡು ಹೋಗಬೇಕು. ಎದ್ದು ಬರುವುದೇ ಅವನಿಗೆ ಬಹುಮಾನ. ಲೆಕ್ಕ ಅಷ್ಟೇ, ಹಾಳೆ ಎರಡು.

ಬೋರ್ಡಿನಿಂದ ನಕಲು ಮಾಡಿಸುವುದನ್ನು ಕಡಿಮೆ ಮಾಡಿದೆ. ಇದಕ್ಕೆ ನಿಮ್ಮಲ್ಲಿ ಕೆಲವರ ಮುಖ ಸಪ್ಪಗಾಯಿತು, ಗೊತ್ತು. ನೋಟ್ಸ್ ಪೂರ್ತಿ ಇರಬೇಕು, ಮೇಲಿನವರು ನೋಡುತ್ತಾರೆ. ತಲೆ ಎತ್ತಿ ನೋಡಿ, ನೆನಪಿಟ್ಟುಕೊಂಡು, ತಲೆ ತಗ್ಗಿಸಿ ಬರೆದು, ಮತ್ತೆ ತಲೆ ಎತ್ತಿದಾಗ ಬಿಟ್ಟ ಜಾಗ ಹುಡುಕಬೇಕು. ಆ ಕೈಗಡದ ನೆನಪು ಇರುತ್ತದಲ್ಲ, ಅಂಗಡಿಗೆ ಹೋಗುವಾಗ ಮೂರು ಸಾಮಾನು ಹೇಳಿದರೆ ದಾರಿಯುದ್ದಕ್ಕೂ ಹಿಡಿದಿಟ್ಟುಕೊಳ್ಳುವಂಥದ್ದು, ಅದು ಇಂಥ ಮಕ್ಕಳಲ್ಲಿ ಬಹಳ ಸಣ್ಣ ಚೀಲ. ಅದಕ್ಕೇ ನಾವು ಹೇಳುವ "ಪುಸ್ತಕ ತೆಗೀರಿ, 46ನೇ ಪುಟ, ಮೂರನೇ ಪ್ರಶ್ನೆ ಬಿಟ್ಟು ಮಿಕ್ಕದ್ದು ಬರೀರಿ, ಮಾರ್ಜಿನ್ ಹಾಕಿ" ಅನ್ನುವ ಮಾತಿನಲ್ಲಿ ಅವನಿಗೆ ಸಿಗುವುದು ಮಾರ್ಜಿನ್ ಮಾತ್ರ. ಸ್ಕೇಲು ಹುಡುಕಲು ಹೊರಡುತ್ತಾನೆ. ಪುಸ್ತಕ ತೆಗೀರಿ. ನಿಲ್ಲಿ. ಎಲ್ಲರೂ ತೆಗೆದರೇ ನೋಡಿ. ಆಮೇಲೆ ಪುಟ. ಪುಟದ ಸಂಖ್ಯೆಯನ್ನು ಬೋರ್ಡಿನ ಮೂಲೆಯಲ್ಲಿ ಬರೆದುಬಿಡಿ.

ಕಾಲು ಕುಣಿಸಲು ಬಿಡಿ. ಫ್ಲಾರಿಡಾದಲ್ಲಿ ಮಾರ್ಕ್ ರಾಪೋರ್ಟ್ ಅವರ ತಂಡ ಇಂಥ ಹುಡುಗರ ಕೈಕಾಲಿಗೆ ಚಲನೆ ಅಳೆಯುವ ಪಟ್ಟಿ ಕಟ್ಟಿ ನೋಡಿತು. ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವ ಕೆಲಸ ಕೊಟ್ಟಷ್ಟೂ ಅಲುಗಾಟ ಹೆಚ್ಚು, 2015ರ ಅಧ್ಯಯನದಲ್ಲಂತೂ ಹೆಚ್ಚು ಅಲುಗಾಡಿದಾಗ ಆ ಕೆಲಸವನ್ನು ಚೆನ್ನಾಗಿ ಮಾಡಿದರು. ನಾವು ಎರಡೂ ಕೇಳುತ್ತೇವೆ: ಅಲುಗಬೇಡ, ಗಮನ ಕೊಡು. ಅವನಿಂದ ಆಗುವುದು ಎರಡರಲ್ಲಿ ಒಂದು. ನನ್ನವನಿಗೆ ಕಡೆಯ ಬೆಂಚಿನ ಹಿಂದೆ ಕಿಟಕಿಯ ಕಟ್ಟೆ ತೋರಿಸಿದೆ. ಬೇಕೆನಿಸಿದಾಗ ಅಲ್ಲಿ ನಿಂತು ಬರೆಯಬಹುದು. ಇನ್ನಿಬ್ಬರು ತಮಗೂ ಬೇಕು ಅಂದರು, ಅವರಿಗೂ ಕೊಟ್ಟೆ. ಮೂರು ದಿನಕ್ಕೆ ಅವರಿಬ್ಬರೂ ಕಾಲು ನೋವು ಅಂತ ಬೆಂಚಿಗೆ ವಾಪಸ್.

ಎಲ್ಲ ಪುಸ್ತಕಗಳೂ ಇಂಥ ಮಗುವನ್ನು ಮುಂದೆ ಕೂರಿಸಿ ಅನ್ನುತ್ತವೆ. ಸರಿ. ಆದರೆ ಮುಂದೆ ಅಂದರೆ ನಿಮಗೆ ಹತ್ತಿರ, ಶಿಕ್ಷೆಯ ಜಾಗವಲ್ಲ. ಹೋಗುತ್ತಾ ಬೆಂಚಿನ ಮೇಲೆ ಎರಡು ಬೆರಳಿಂದ ತಟ್ಟಿದರೆ "ಶುರು ಮಾಡು" ಎಂದರ್ಥ ಅಂತ ನಾವಿಬ್ಬರೇ ಮಾತಾಡಿಕೊಂಡಿದ್ದೆವು. ಅದಕ್ಕೆ ಮೊದಲು ನಾನು ಅವನ ಹೆಸರನ್ನು ದಿನಕ್ಕೆ ಎಷ್ಟು ಸಲ ಕೂಗುತ್ತಿದ್ದೆನೋ! ಅವನ ಹೆಸರೇ ಬೈಗುಳ ಆಗಿಬಿಟ್ಟಿತ್ತು.

ಮನೆಗೊಂದು ಚೀಟಿ ಕಳಿಸಲು ಶುರು ಮಾಡಿದೆ. ಏಳೆಂಟು ಅಂಶ ಬೇಡ, ಎರಡೇ. ಬೆಳಿಗ್ಗೆ ಕೊಟ್ಟ ಕೆಲಸ ಮುಗಿಸಿದನೇ, ಮಾತಾಡುವ ಮುಂಚೆ ಕೈ ಎತ್ತಿದನೇ. ತಾಯಿಗೆ ಓದಲು ಬರುತ್ತಿರಲಿಲ್ಲ, ಆದ್ದರಿಂದ ಸೂರ್ಯ ಬಿಡಿಸಿದೆ. ಪೂರ್ತಿ ಸೂರ್ಯ, ಅರ್ಧ ಸೂರ್ಯ. ಪೂರ್ತಿ ಇದ್ದ ದಿನ ಸಂಜೆ ಅಪ್ಪನ ಬೈಕಿನಲ್ಲಿ ತೋಟಕ್ಕೆ. ಅದೇ ದಿನ, ಭಾನುವಾರಕ್ಕಲ್ಲ. ಸೂರ್ಯ ಇಲ್ಲದ ದಿನ ಬೈಗುಳವೂ ಇಲ್ಲ, ಅಷ್ಟು ಮಾತ್ರ ಅಪ್ಪನಿಂದ ಮಾತು ತೆಗೆದುಕೊಂಡೆ. ಅವರು ಮೊದಮೊದಲು ತಪ್ಪಿದರು. ನಾನೂ ಕೆಲವು ದಿನ ಚೀಟಿ ಮರೆತೆ.

ಶಿಕ್ಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆಯುವುದನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ನನ್ನ ಗೋಡೆಯ ಕುರ್ಚಿ ಎರಡನೆಯದರಲ್ಲಿ ಬರುತ್ತದೆ. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಅಂತ ಸಭೆಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ನಾನು ತೆಂಗಿನ ಸೀಮೆಯವಳು. ತೆಂಗಿನ ಸಸಿಯನ್ನು ಯಾರೂ ಬಗ್ಗಿಸುವುದಿಲ್ಲ, ಪಾತಿ ಮಾಡುತ್ತಾರೆ. ಆಟದ ಪೀರಿಯಡ್ ಕಿತ್ತುಕೊಳ್ಳುವ ಶಿಕ್ಷೆಯನ್ನಂತೂ ಬಿಟ್ಟೇ ಬಿಡಿ. ಓಡಬೇಕಾದ ಮಗುವನ್ನು ಓಡಲು ಬಿಡದೆ ಮುಂದಿನ ಅವಧಿಗೆ ಕೂರಿಸಿಕೊಂಡರೆ ಅನುಭವಿಸುವವರು ನೀವೇ.

ಹೆಣ್ಣುಮಕ್ಕಳ ಮಾತು ಬಂದಿಲ್ಲ. ಬರುವುದೇ ಇಲ್ಲ, ಅದೇ ತೊಂದರೆ. ಬೆಂಚು ಹತ್ತುವ ಹುಡುಗ ನಮ್ಮ ಕಣ್ಣಿಗೆ ಬೀಳುತ್ತಾನೆ. ಮೂರನೇ ಬೆಂಚಿನ ಗೋಡೆ ಪಕ್ಕ ಜಡೆಯ ತುದಿ ಕಚ್ಚುತ್ತಾ ಕೂತು, ಯಾರಿಗೂ ತೊಂದರೆ ಕೊಡದೆ, ಏನೂ ತಲೆಗೆ ಹೋಗದೆ ಏಳನೇ ಕ್ಲಾಸು ಮುಟ್ಟುವ ಹುಡುಗಿ ಬೀಳುವುದಿಲ್ಲ. ಅತಿಚಟುವಟಿಕೆ ಇಲ್ಲದೆ ಗಮನದ ಕೊರತೆ ಮಾತ್ರ ಇರುವ ಬಗೆ ಇದೆ. "ಒಳ್ಳೆ ಹುಡುಗಿ, ಸ್ವಲ್ಪ ದಡ್ಡಿ" ಅಂತ ನಾವು ಬರೆದು ಕೈ ತೊಳೆದುಕೊಂಡವರಲ್ಲಿ ಎಷ್ಟು ಜನ ಇವರಿದ್ದರೋ. ನನ್ನ ಸರ್ವಿಸ್ ಪೂರ್ತಿ ನೆನೆಸಿಕೊಂಡರೆ ಮನಸ್ಸಿಗೆ ಚುಚ್ಚುವುದು ಇವರೇ, ಆ ಹುಡುಗನಲ್ಲ.

ಔಷಧಿ ಬಗ್ಗೆ ಪೋಷಕರು ಕೇಳುತ್ತಾರೆ. ಮೀಥೈಲ್‌ಫೆನಿಡೇಟ್ ಮುಂತಾದವು ಇವೆ, ಹಲವು ಮಕ್ಕಳಿಗೆ ಚೆನ್ನಾಗಿ ಕೆಲಸ ಮಾಡುತ್ತವೆ, ವೈದ್ಯರ ಚೀಟಿ ಇಲ್ಲದೆ ಕೊಡುವಂಥವಲ್ಲ. ಕೊಡಿ ಅನ್ನುವುದೂ ಬೇಡ ಅನ್ನುವುದೂ ನಮ್ಮ ಕೆಲಸವಲ್ಲ. ದಾರಿ ತೋರಿಸುವುದು ನಮ್ಮ ಕೆಲಸ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಮನೋಚೈತನ್ಯ ಕ್ಲಿನಿಕ್ ಮಂಗಳವಾರದ್ದು, ಜಿಲ್ಲಾಸ್ಪತ್ರೆ ಇದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ವಿಭಾಗವೇ ಇದೆ. ಫೋನಿನಲ್ಲಿ ಕೇಳಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ಒಂದು ಕಹಿ ಸಂಗತಿ ಕೂಡ ಹೇಳಿಬಿಡುತ್ತೇನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡಿದೆ. ಕಲಿಕಾ ನ್ಯೂನತೆ ಇದೆ, ಆಟಿಸಂ ಇದೆ, ಎಡಿಎಚ್‌ಡಿ ಹೆಸರು ಇಲ್ಲ. ಅಂದರೆ ಈ ಮಗುವಿಗೆ ಕಾಗದದ ಬಲ ಕಡಿಮೆ. ಕ್ಲಾಸಿನಲ್ಲಿ ನೀವು ಕೊಟ್ಟರೆ ಉಂಟು.

(ಇಲ್ಲಿ ಒಬ್ಬ ಶಿಕ್ಷಕರು ಎದ್ದು ಕೇಳಿದರು: "ಮೇಡಂ, ನಮ್ಮದು ಐದು ತರಗತಿ, ಇಬ್ಬರು ಮೇಷ್ಟ್ರು, ಒಬ್ಬರು ಸದಾ ಡೆಪ್ಯುಟೇಶನ್. ಒಬ್ಬ ಹುಡುಗನಿಗೋಸ್ಕರ ಇಷ್ಟೆಲ್ಲ ಆಗುತ್ತಾ?")

ಸರ್, ನಿಮ್ಮ ಶಾಲೆಯಲ್ಲಿ ಕಾಯುವಿಕೆಯೇ ಟೈಂಟೇಬಲ್. ಐದನೆಯವರಿಗೆ ಪಾಠ ಮಾಡುವಾಗ ನಾಲ್ಕನೆಯವರು ಕಾಯಲೇಬೇಕು. ಅದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ, ಉತ್ತರ ಇರುವುದು ನೇಮಕಾತಿ ಮಾಡುವವರ ಹತ್ತಿರ. ನಾನು ಕಂಡದ್ದು ಇಷ್ಟು: ನಲಿ-ಕಲಿಯ ಹಳೇ ಕಾರ್ಡುಗಳ ಹಾಗೆ ಒಂದೊಂದೇ ಲೆಕ್ಕದ ಚೀಟಿಗಳನ್ನು ರಟ್ಟಿನ ಡಬ್ಬಿಯಲ್ಲಿ ಹಾಕಿಟ್ಟೆ, ಹಿಂದೆ ಉತ್ತರ ಬರೆದು. ಕಾಯುವವರು ಎದ್ದು ಹೋಗಿ ಒಂದು ತೆಗೆದು, ಮಾಡಿ, ತಾವೇ ತಿರುಗಿಸಿ ನೋಡಿಕೊಂಡು, ಇನ್ನೊಂದು ತೆಗೆಯಬೇಕು. ಅವನಿಗೋಸ್ಕರ ಮಾಡಿದ್ದು, ಮಿಕ್ಕವರೇ ಮೊದಲು ಡಬ್ಬಿ ಖಾಲಿ ಮಾಡಿದರು. ಒಂದು ಭಾನುವಾರ ಕೂತು ಬರೆದದ್ದು ಮೂರು ವರ್ಷ ನಡೆಯಿತು.

ಕಡೆಯದಾಗಿ ಗಂಟೆ ಕಥೆ ಹೇಳಿ ಕೂರುತ್ತೇನೆ. ಅವನಿಗೆ ಗಂಟೆ ಬಾರಿಸುವ ಕೆಲಸ ಕೊಟ್ಟಿದ್ದೆ. ಗಡಿಯಾರ ನೋಡಬೇಕು, ಎದ್ದು ಓಡಬೇಕು, ಜೋರಾಗಿ ಬಡಿಯಬೇಕು, ಮೂರೂ ಅವನಿಗೆ ಇಷ್ಟ. ಅಕ್ಟೋಬರ್‌ನಿಂದ ಡಿಸೆಂಬರ್ ತನಕ ಒಂದು ದಿನ ತಪ್ಪಿರಲಿಲ್ಲ. ಜನವರಿಯ ಒಂದು ದಿನ, ಆ ಡಬ್ಬಿಯಲ್ಲಿ ನಾನು ಬರೆದಿದ್ದ ಒಂದು ಲೆಕ್ಕದ ಉತ್ತರವೇ ತಪ್ಪು ಅಂತ ಅವನಿಗೆ ಅನುಮಾನ ಬಂತು. ಕಿಟಕಿ ಕಟ್ಟೆಯ ಹತ್ತಿರ ನಿಂತು ಭಾಗಾಕಾರವನ್ನು ಮತ್ತೆ ಮತ್ತೆ ಮಾಡುತ್ತಿದ್ದ. ನಾನೂ ಗಡಿಯಾರ ನೋಡಲಿಲ್ಲ. ಅಡುಗೆಯವರು ಸೌಟು ಕೈಯಲ್ಲೇ ಹಿಡಿದುಕೊಂಡು ಬಾಗಿಲಿಗೆ ಬಂದರು.

"ಏನ್ ಮಿಸ್, ಅನ್ನ ಆರೋಗ್ತೈತೆ, ಇವತ್ತು ಗಂಟೆ ಇಲ್ವಾ?"

ಅವನು ತಲೆ ಎತ್ತದೇ, "ತಡಿಯಕ್ಕ, ಒಂದ್ನಿಮಿಷ" ಅಂದ.